ಓದಲು ಬಾರದ ಹುಡುಗನೂ, ಗಡಿಯ ನೆಪವೂ

ಜತ್ತ ತಾಲೂಕಿನ ನಮ್ಮ ಹಳ್ಳಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿ, ಜೊತೆಗೆ ನಾಲ್ಕೆಕರೆ ಹೊಲ. ಸಂಜೆ ಗಿರಾಕಿ ಹೆಚ್ಚಾದರೆ ಕಿರಿಯ ಮಗ ಗಲ್ಲಾಪೆಟ್ಟಿಗೆಯ ಮುಂದೆ ಕೂಡುತ್ತಾನೆ. ಸಕ್ಕರೆ, ಚಹಾಪುಡಿ, ಎಣ್ಣೆ ಎಂದು ನಾಲ್ಕಾರು ಸಾಮಾನಿನ ಲೆಕ್ಕವನ್ನು ಬಾಯಲ್ಲೇ ಕೂಡಿಸಿ, ಐನೂರರ ನೋಟಿಗೆ ಸರಿಯಾಗಿ ಚಿಲ್ಲರೆ ಎಣಿಸಿ ಕೊಡುತ್ತಾನೆ. ಕನ್ನಡ ಗಿರಾಕಿಗೆ ಕನ್ನಡ, ಮರಾಠಿ ಗಿರಾಕಿಗೆ ಮರಾಠಿ. ಅಂಥ ಹುಡುಗ 2023ರಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದಾಗ ಗುರುಗಳು ನನ್ನನ್ನು ಶಾಲೆಗೆ ಕರೆಸಿ ಹೇಳಿದರು: "ಸಾವಕಾರ್ರ, ಇಂವಗ ಸಾಲಿ ಹತ್ತಂಗಿಲ್ಲ. ಮರಾಠಿ ಸಾಲಿಗೆ ಹಾಕಿ ನೋಡ್ರಿ, ಇಲ್ಲಾಂದ್ರ ಅಂಗಡ್ಯಾಗ ಇಟಗೋರಿ."

ನಾನು ತಲೆ ತಗ್ಗಿಸಿದೆ. ಜೊತೆಗೆ ಬಂದಿದ್ದ ನನ್ನ ಹೆಂಡತಿ ಸುಮ್ಮನಿರಲಿಲ್ಲ. "ಅಷ್ಟು ಲೆಕ್ಕಾ ಮಾಡಾಂವ ದಡ್ಡ ಹೆಂಗ ಆಗ್ತಾನ್ರಿ ಸರ್?" ಎಂದಳು. ಆ ಪ್ರಶ್ನೆಗೆ ಅಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ.

ತಪ್ಪು ಯಾರದು?

ಗುರುಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಹುಡುಗ ಪಾಠವನ್ನು ಕೇಳಿ ಕೇಳಿ ಬಾಯಿಪಾಠ ಮಾಡಿ, ಪುಸ್ತಕ ಹಿಡಿದು ಓದಿದಂತೆ ಒಪ್ಪಿಸುತ್ತಿದ್ದ. ಹೊಸ ಪುಟ ತೆಗೆದರೆ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದ. ಬರೆಯುವಾಗ ಮ, ವ ಅದಲುಬದಲು. ದೀರ್ಘ, ಕೊಂಬು ಎಲ್ಲೆಂದರಲ್ಲಿ. ಸೋಮಾರಿತನವೆಂದು ತಿಳಿದು ನಾನೇ ಎರಡು ಸಲ ಹೊಡೆದಿದ್ದೇನೆ. ಆ ಮಾತು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ನಮ್ಮ ಗಡಿಭಾಗದಲ್ಲಿ ಇಂಥ ತೊಡಕಿಗೆ ನೆಪ ಸಿದ್ಧವಾಗಿಯೇ ಇರುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಎರಡು ಲಿಪಿ, ಮೇಲೆ ಇಂಗ್ಲಿಷು. "ಮೂರ ಭಾಷಾದಾಗ ಹುಡುಗ ಗೊಂದಲ ಆಗ್ಯಾನ" ಎಂದರೆ ಎಲ್ಲರೂ ಒಪ್ಪುತ್ತಾರೆ. ಇವನು ಒಂದನೇ ಇಯತ್ತೆಗೆ ಸೇರಿದ 2020ರಲ್ಲಿ ಕೊರೋನಾದಿಂದ ಶಾಲೆಯೇ ಮುಚ್ಚಿತ್ತು, ಅದೂ ಇನ್ನೊಂದು ನೆಪವಾಯಿತು. ಆದರೆ ಅದೇ ಓಣಿಯ, ಅದೇ ವಯಸ್ಸಿನ ಮಕ್ಕಳು ಇವೇ ಭಾಷೆಗಳ ನಡುವೆ ಓದಲು ಕಲಿತರಲ್ಲ? ಈ ಮಾತು ನನಗೆ ಹೊಳೆಯಲು ಮೂರು ವರ್ಷ ಬೇಕಾಯಿತು.

ವಿಜಯಪುರದಲ್ಲಿ ಶಿಕ್ಷಕರಾಗಿರುವ ನಮ್ಮ ಮಾವ ಹುಡುಗನ ವಹಿ ನೋಡಿ, "ಇದು ದಡ್ಡತನ ಅಲ್ಲೋ, ಡಿಸ್ಲೆಕ್ಸಿಯಾ ಇದ್ದಂಗ ಕಾಣತೈತಿ. ಮೊದಲ ತಪಾಸಣಿ ಮಾಡಸು" ಎಂದರು. 2007ರಲ್ಲಿ ಬಂದ ಆಮಿರ್ ಖಾನ್ ಅವರ 'ತಾರೇ ಜಮೀನ್ ಪರ್' ಚಿತ್ರದ ಹುಡುಗನಿಗೂ ಇದೇ ತೊಂದರೆ. ಕಾನೂನಿನ ಭಾಷೆಯಲ್ಲಿ ಇದಕ್ಕೆ ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. ಬುದ್ಧಿ ಚುರುಕಾಗಿಯೇ ಇರುತ್ತದೆ, ಅಕ್ಷರ ಮತ್ತು ಧ್ವನಿಯನ್ನು ಜೋಡಿಸುವಲ್ಲಿ ಮಾತ್ರ ಮಗು ಎಡವುತ್ತದೆ.

ಕಾಯಿದೆ ಏನು ಹೇಳುತ್ತದೆ?

1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು, ಇದು ಇರಲಿಲ್ಲ. 2016ರ ಕಾಯಿದೆ ಪಟ್ಟಿಯನ್ನು 21ಕ್ಕೆ ಏರಿಸಿ ಇದನ್ನೂ ಸೇರಿಸಿತು. 2017ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು. ಇಂಥ ಮಕ್ಕಳನ್ನು ಬೇಗ ಗುರುತಿಸಿ ತಕ್ಕ ರೀತಿಯಲ್ಲಿ ಕಲಿಸಬೇಕೆಂದು ಅದರ 16ನೇ ಕಲಮು ಶಾಲೆಗಳಿಗೆ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ 17ನೇ ಕಲಮಿನಲ್ಲಿವೆ. ಅಲ್ಲದೆ 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಎಂಟನೇ ಇಯತ್ತೆ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ.

ಇದನ್ನೆಲ್ಲ ತಿಳಿದುಕೊಂಡು ನಾನು ಮುಖ್ಯ ಗುರುಗಳಿಗೆ ಅರ್ಜಿ ಬರೆದೆ. ಒಂದು ಪ್ರತಿಯನ್ನು ಪಂಚಾಯತ ಸಮಿತಿಯಲ್ಲಿ ಗಟಶಿಕ್ಷಣಾಧಿಕಾರಿಗೆ ಕೊಟ್ಟು, ಶಿಕ್ಕಾ ಹಾಕಿಸಿ ಪೋಚ ತೆಗೆದುಕೊಂಡೆ. ವ್ಯಾಪಾರಸ್ಥರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಬಾಯಿಮಾತಿನ ಉದ್ರಿ ಯಾವತ್ತೂ ವಸೂಲಾಗುವುದಿಲ್ಲ.

ಯಾವ ಭಾಷೆಯಲ್ಲಿ ಪರೀಕ್ಷೆ?

ದೊಡ್ಡ ತೊಡಕು ಎದುರಾದದ್ದು ದವಾಖಾನೆಯಲ್ಲಿ. ಓದಿಸಲು ಅಲ್ಲಿ ಕೊಟ್ಟದ್ದು ಮರಾಠಿ ಹಾಳೆ. ಕನ್ನಡ ಶಾಲೆಯ ಹುಡುಗ ಮರಾಠಿಯಲ್ಲಿ ತಡವರಿಸಿದರೆ ಅದು ನ್ಯೂನತೆಯೋ, ಅಭ್ಯಾಸ ಸಾಲದ್ದೋ ಹೇಗೆ ತಿಳಿಯಬೇಕು? ಅಲ್ಲಿದ್ದ ಬಾಯಿಯವರು, "ಕನ್ನಡ ಮುಲಗಾ ಆಹೆ, ಮ್ಹಣೂನ್ ವಾಚತಾ ಯೇತ ನಾಹಿ" ಎಂದು ಮುಗಿಸಲು ಹೊರಟಾಗ, ಅವನು ಕಲಿತ ಭಾಷೆಯಲ್ಲೇ ನೋಡಬೇಕೆಂದು ಮರಾಠಿಯಲ್ಲೇ ಬರೆದುಕೊಟ್ಟೆ.

ಎರಡನೇ ಸಲ ಹೋಗುವಾಗ ಅದೇ ಗುರುಗಳು ರಜೆ ಹಾಕಿ ನಮ್ಮ ಜೊತೆ ಬಂದರು. ಬಾಲಭಾರತಿಯ ಎರಡನೇ ಇಯತ್ತೆಯ ಕನ್ನಡ ಪುಸ್ತಕ ತೆರೆದು, ಹುಡುಗ ಎಂದೂ ಓದದ ಪುಟವನ್ನು ಓದಿಸಿದರು. ಅವನು ಎಲ್ಲಿ ಏನು ತಪ್ಪಿದನೆಂದು ಡಾಕ್ಟರಿಗೆ ಒಂದೊಂದಾಗಿ ಬಿಡಿಸಿ ಹೇಳಿದರು. ಬುದ್ಧಿಮಟ್ಟದಲ್ಲಿ ಯಾವ ಕೊರತೆಯೂ ಇಲ್ಲವೆಂದು ಬೇರೆ ಪರೀಕ್ಷೆಯಲ್ಲಿ ತಿಳಿಯಿತು. ನಾಲ್ಕು ಸಲ ಓಡಾಡಿದ ಮೇಲೆ ಪ್ರಮಾಣಪತ್ರ ಕೈಗೆ ಬಂತು. ಹಿಂತಿರುಗುವಾಗ ಬಸ್ಸಿನಲ್ಲಿ ಗುರುಗಳು, "ಇದನ್ನ ನಮಗ ಯಾರೂ ಕಲಸಿರಲಿಲ್ರಿ" ಎಂದರು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಆಮೇಲೆ ಶಾಲೆಯಲ್ಲಿ ಆದ ಬದಲಾವಣೆಗೆ ಹಣವೇನೂ ಖರ್ಚಾಗಲಿಲ್ಲ. ಅವನನ್ನು ಮುಂದಿನ ಸಾಲಿನಲ್ಲಿ ಕೂಡಿಸುತ್ತಾರೆ. ಎಲ್ಲರೆದುರು ಎಬ್ಬಿಸಿ ಓದಿಸುವುದಿಲ್ಲ. ಪ್ರಶ್ನೆಯನ್ನು ಗುರುಗಳೇ ಓದಿ ಹೇಳುತ್ತಾರೆ, ಕೆಲವು ಉತ್ತರ ಬಾಯಲ್ಲೇ ಕೇಳುತ್ತಾರೆ, ಬರೆಯಲು ಹೆಚ್ಚು ಹೊತ್ತು ಕೊಡುತ್ತಾರೆ. ಮನೆಯಲ್ಲಿ ತಾಯಿ ದಿನಾ ಅರ್ಧ ತಾಸು ಉಸುಕಿನಲ್ಲಿ ಅಕ್ಷರ ತಿದ್ದಿಸಿ, ಜೊತೆಗೆ ಧ್ವನಿ ಹೇಳಿಸುತ್ತಾಳೆ.

ಮರಾಠಿಯಿಂದ ವಿನಾಯಿತಿ ಕೇಳಬೇಕೇ ಎಂದು ನಾವು ಬಹಳ ಯೋಚಿಸಿದೆವು. ಸದ್ಯಕ್ಕೆ ಕೇಳಿಲ್ಲ. ಈ ನಾಡಿನಲ್ಲಿ ಬದುಕುವವನಿಗೆ ಸಾಂಗ್ಲಿಯ ಪೇಟೆಯೂ ಬೇಕು, ಅಥಣಿಯ ಸಂತೆಯೂ ಬೇಕು. ಆದರೆ ಹತ್ತನೆಯ ಪರೀಕ್ಷೆಯ ಹೊತ್ತಿಗೆ ಅವನಿಗೆ ಭಾರವಾದರೆ ಆ ದಾರಿ ತೆರೆದಿರಲಿ ಎಂದು ಕಾಗದಗಳನ್ನು ಜೋಪಾನ ಮಾಡಿದ್ದೇನೆ.

ಈಗವನು ಆರನೇ ಇಯತ್ತೆ. ಓದು ಇನ್ನೂ ನಿಧಾನವೇ, ಒತ್ತಕ್ಷರಕ್ಕೆ ಇನ್ನೂ ಎಡವುತ್ತಾನೆ. ಆದರೆ ಮುಂಜಾನೆ ಹೊಟ್ಟೆನೋವೆಂದು ಅಳುವುದನ್ನು ಬಿಟ್ಟಿದ್ದಾನೆ. ಕಳೆದ ವಾರ ಅಂಗಡಿಯ ಉದ್ರಿ ವಹಿಯಲ್ಲಿ ಒಬ್ಬ ಗಿರಾಕಿಯ ಹೆಸರನ್ನು ತಾನೇ ಬರೆದಿಟ್ಟಿದ್ದ. ಒಂದು ಒತ್ತು ಬಿಟ್ಟುಹೋಗಿತ್ತು. ರೊಕ್ಕದ ಲೆಕ್ಕ ಮಾತ್ರ ಸರಿಯಿತ್ತು.

ನಿಮ್ಮ ಮನೆಯಲ್ಲೂ ಬಾಯಲ್ಲಿ ಜಾಣ, ಪುಸ್ತಕದಲ್ಲಿ ಮೂಕನಾದ ಮಗುವಿದ್ದರೆ ಭಾಷೆಯನ್ನು ದೂರಿ ಸುಮ್ಮನಾಗಬೇಡಿ. ಬಡಿಗೆ ಕೆಳಗಿಟ್ಟು ಅರ್ಜಿ ಬರೆಯಿರಿ, ಪೋಚ ತೆಗೆದುಕೊಳ್ಳಿರಿ.