ಎದುರುಗಾಳಿ, ಎರಿ ಮಣ್ಣು, ಎರಡು ಗಾಲಿ

ದೂರದ ಸೈಕಲ್ ಪ್ರವಾಸವೆಂದರೆ ಹಿಮಾಲಯಕ್ಕೇ ಹೋಗಬೇಕೆಂದೇನಿಲ್ಲ. ಮೂಡಲಗಿಯಿಂದ ಹೊರಟು ಗೋಕಾಕ, ಹುಕ್ಕೇರಿ, ಸಂಕೇಶ್ವರ ದಾಟಿ, ಆಜರಾ ಮೇಲೆ ಅಂಬೋಲಿ ಘಾಟು ಮುಟ್ಟಿದರೆ ಸಾಕು. ನೆಲ, ಗಾಳಿ, ಮಳೆ ಮೂರೂ ಕೂಡಿ ಸವಾರನ ಪರೀಕ್ಷೆ ಮಾಡಿಬಿಡುತ್ತವೆ!

ಮೊದಲನೆಯದು ನೆಲ. ಮೂಡಲಗಿ ಭಾಗದ ಎರಿ ಮಣ್ಣು ಒಣಗಿದಾಗ ಕಲ್ಲು. ಒಂದು ಮಳೆ ಬಿತ್ತಂದ್ರ ಗಾಲಿಗೆ ಮೆತ್ತಿ ಮಡಗಾರ್ಡಿನೊಳಗೆ ತುಂಬಿಕೊಳ್ಳುತ್ತದೆ. ಆಮೇಲೆ ಸೈಕಲ್ಲು ಮನುಷ್ಯನನ್ನು ಹೊರುವುದಿಲ್ಲ, ಮನುಷ್ಯನೇ ಸೈಕಲ್ಲನ್ನು ಹೊರಬೇಕು. ಬೇಸಿಗೆಯಲ್ಲಿ ಜಾಲಿ ಮುಳ್ಳಿನ ಕಾಟ. ಟ್ಯೂಬು, ಪಂಪು, ಸೊಲ್ಯೂಷನ್ ಇಲ್ಲದೆ ಹೊರಟವನು ದೇವರ ಮೇಲೆ ಭಾರ ಹಾಕಿ ಹೊರಟಂತೆಯೇ.

ಎರಡನೆಯದು ಗಾಳಿ. ಮಳೆಗಾಲದಲ್ಲಿ ಅದು ಪಡುವಣದಿಂದ ಬೀಸುವುದರಿಂದ ಹುಕ್ಕೇರಿ ಕಡೆ ಹೊರಟವನ ಎದೆಗೇ ಹೊಡೆತ. ಸಪಾಟು ರಸ್ತೆಯೂ ಏರಿನಂತೆ. ಬರುವಾಗ ಅದೇ ಗಾಳಿ ಬೆನ್ನು ದೂಡುತ್ತದೆ. ಹೋಗುವಾಗ ಕೊಟ್ಟ ಸಾಲ ಬರುವಾಗ ವಸೂಲು!

ಮೂರನೆಯದು ಮಳೆ. ಇದು ಮಾತ್ರ ಮೋಸಗಾರ. ಗೋಕಾಕದಲ್ಲಿ ವರ್ಷವೆಲ್ಲ ಬೀಳುವುದು ಆರುನೂರು ಮಿಲಿಮೀಟರಿನ ಆಸುಪಾಸು. ಅಂಬೋಲಿಯಲ್ಲಿ ಅದರ ಹತ್ತು ಪಟ್ಟು. ಘಟಪ್ರಭೆ, ಹಿರಣ್ಯಕೇಶಿ ಎರಡೂ ಹುಟ್ಟುವುದು ಆ ಘಟ್ಟದ ಸೀಮೆಯಲ್ಲಿಯೇ. ಹೀಗಾಗಿ ಇಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ‘ಮೊಣಕಾಲಮಟ ಐತಿ, ದಾಟೂಣು ನಡಿ’ ಎನ್ನುವ ಧೈರ್ಯ ಬ್ಯಾಡ. ನೀರಿನ ಅಡಿಗೆ ರಸ್ತೆ ಕಿತ್ತುಹೋಗಿದ್ದರೆ ಕಾಣುವುದಿಲ್ಲ. ಸೆಳವು ಸೈಕಲ್ಲನ್ನೂ ಬಿಡುವುದಿಲ್ಲ, ಸವಾರನನ್ನೂ ಬಿಡುವುದಿಲ್ಲ.

ಗಡಿಯಾರದ ಜೊತೆ ಪಂದ್ಯ

ಫ್ರಾನ್ಸಿನಲ್ಲಿ 1891ರಲ್ಲಿ ಆರಂಭವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಈಗ 1,200 ಕಿ.ಮೀ. ಸವಾರಿ, ಗಡುವು ಹೆಚ್ಚೆಂದರೆ 90 ಗಂಟೆ. ಅದಕ್ಕೆ ಅರ್ಹತೆ ಕೊಡುವ ‘ಬ್ರೆವೆ’ ಸವಾರಿಗಳು ನಮ್ಮ ದೇಶದಲ್ಲಿಯೂ ನಡೆಯುತ್ತವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ. ಮೊದಲು ಬಂದವನಿಗೆ ಬಹುಮಾನವಿಲ್ಲ. ವೇಳೆಯೊಳಗೆ ಮುಟ್ಟಿದವರೆಲ್ಲ ಗೆದ್ದವರೇ. ಆದರೆ ರಾತ್ರಿ ಸವಾರಿಗೆ ಮುಂದೀಪ, ಹಿಂದೀಪ, ಹೊಳೆಯುವ ಪಟ್ಟಿಯ ಜಾಕೀಟು ಕಡ್ಡಾಯ.

ಹೊಟ್ಟೆಯ ಚಿಂತೆ ಮಾತ್ರ ಈ ದಾರಿಯಲ್ಲಿಲ್ಲ. ಪರದೇಶದ ಸವಾರರು ಕಿಸೆಯಲ್ಲಿ ‘ಎನರ್ಜಿ ಬಾರ್’ ಇಟ್ಟುಕೊಳ್ಳುತ್ತಾರಂತೆ. ಬೆಲ್ಲ, ಅಂಟು, ಒಣಹಣ್ಣು ಕೂಡಿದ ಗೋಕಾಕ ಕರದಂಟು ಮತ್ತೇನು? ಕಟಿರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಜೊತೆಗಿದ್ದರೆ ಘಾಟು ಹತ್ತುವತನಕ ತ್ರಾಣ.

ಕತ್ತಲೆಗೆ ಕತ್ತಲೆ ಡಿಕ್ಕಿ

ದೀಪದ ನಿಯಮ ಪ್ರವಾಸದ ಸವಾರರಿಗಷ್ಟೇ ಸಾಕೆ? ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ರಸ್ತೆಯ ಬದಿ ನಿಲ್ಲುವುದುಂಟು. ಎದುರಿಗೆ ಬರುವ ಸೈಕಲ್ಲಿಗೂ ದೀಪವಿಲ್ಲ. ಪ್ರವಾಸಕ್ಕೆ ಹೊರಟವನು ವರ್ಷಕ್ಕೊಮ್ಮೆ ಈ ರಸ್ತೆ ತುಳಿದಾನು. ನಸುಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವನಿಗೆ, ರಾತ್ರಿ ಪಾಳಿ ಮುಗಿಸಿ ಹಳ್ಳಿಗೆ ಮರಳುವವನಿಗೆ ಇದು ದಿನದ ದಾರಿ. ಅವನ ಜೀವಕ್ಕೆ ಬೆಲೆ ಇಲ್ಲವೆ?

ಮಡಗಾರ್ಡಿಗೆ ಹಚ್ಚುವ ಕೆಂಪು ಹೊಳೆಪಟ್ಟಿಗೆ ನಾಲ್ಕು ಚಹಾದ ರೊಕ್ಕ ಸಾಕು. ಪಂಚರ್ ತಿದ್ದುವಾಗ ಸೈಕಲ್ ಅಂಗಡಿಯವರೇ ‘ಇದೊಂದು ಹಚ್ಚಿಸ್ರಿ’ ಎಂದರೆ ಅರ್ಧ ಕೆಲಸ ಮುಗಿಯಿತು. ಟ್ರೇಲರುಗಳ ಬೆನ್ನಿಗೂ ಅದನ್ನು ಹಚ್ಚಿಸುವ ಉಳಿದರ್ಧ ಕೆಲಸ ಕಾರಖಾನೆಯವರದು, ಪೊಲೀಸರದು. ಮುಂದಿನ ಹಂಗಾಮಿಗೆ ಮೊದಲೇ ಅದು ಆಗಬೇಕು.