ಹಗ್ಗ ಬಿಡದ ದಾನವೂ ವರಮಾನ ತೆರಿಗೆಯೂ

ಬದುಕಿರುವಾಗಲೇ ಆಸ್ತಿಪಾಸ್ತಿಗಳಿಗೊಂದು ಏರ್ಪಾಡು ಮಾಡಿ, ಮುಂದೆ ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತದಂತೆ ನೋಡಿಕೊಳ್ಳಬೇಕೆಂಬುದು ವೃದ್ಧ ಗೃಹಸ್ಥರಿಗೆ ಸಹಜವಾದ ಇಚ್ಛೆ. ಚನ್ನಗಿರಿಯ ಅಡಕೆ ತೋಟದವರಾಗಲಿ, ಹೊನ್ನಾಳಿ ನ್ಯಾಮತಿಗಳಲ್ಲಿ ಮಳಿಗೆಗಳನ್ನು ಬಾಡಿಗೆಗೆ ಕೊಟ್ಟವರಾಗಲಿ, ಜಗಳೂರಿನ ಬೆದ್ದಲು ಸೀಮೆಯಿಂದ ನೌಕರಿಗೆ ಹೋಗಿ ಈಗ ಠೇವಣಿಯ ಬಡ್ಡಿಯಿಂದ ಜೀವಿಸುವ ನಿವೃತ್ತರಾಗಲಿ, ಈ ಉದ್ದೇಶದಿಂದ ಟ್ರಸ್ಟು ಪತ್ರವನ್ನು ಬರೆಯಿಸಿದರೆ ಅದನ್ನು ತಪ್ಪೆನ್ನುವವರಿಲ್ಲ. ಆದರೆ ಟ್ರಸ್ಟು ಮಾಡಿದ ಮಾತ್ರಕ್ಕೆ ತೆರಿಗೆಯ ಹೊಣೆಯೂ ತಮ್ಮನ್ನು ಬಿಟ್ಟು ಹೋಯಿತೆಂದು ನಂಬುವುದು ಅಪಾಯಕರವಾದುದು. ಆದುದರಿಂದ ಈ ವಿಷಯವನ್ನು ವಾಚಕರ ಮುಂದಿಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಹಸುವನ್ನು ದಾನ ಕೊಟ್ಟೆನೆಂದು ಹೇಳಿ ಅದರ ಹಗ್ಗವನ್ನು ತನ್ನ ಕೈಯಲ್ಲಿಯೇ ಹಿಡಿದುಕೊಂಡವನನ್ನು ಲೋಕವು ದಾನಿಯೆನ್ನುವುದಿಲ್ಲ. ಕಾಯಿದೆಯೂ ಹಾಗೆ ಎನ್ನುವುದಿಲ್ಲ. ಹಿಂದಕ್ಕೆ ಪಡೆಯಬಹುದಾದ ರೀತಿಯಲ್ಲಿ ವರ್ಗಾಯಿಸಿದ ಆಸ್ತಿಯ ಉತ್ಪನ್ನವೆಲ್ಲವೂ ವರ್ಗಾಯಿಸಿದವನ ಉತ್ಪನ್ನವೇ ಎಂದು 1961ರ ವರಮಾನ ತೆರಿಗೆ ಕಾಯಿದೆಯ 61ನೆಯ ಕಲಮು ವಿಧಿಸಿತು. ಆಸ್ತಿಯಾಗಲಿ ಅದರ ಆದಾಯವಾಗಲಿ, ಪೂರ್ತಿಯಾಗಿಯೋ ಭಾಗಶಃವೋ, ನೇರವಾಗಿಯೋ ಸುತ್ತುಬಳಸಿಯೋ ಕೊಟ್ಟವನಿಗೆ ಮರಳುವುದೆಂಬ ಒಂದು ಮಾತು ಪತ್ರದಲ್ಲಿದ್ದರೆ ಸಾಕು. ಅವುಗಳ ಮೇಲಣ ಅಧಿಕಾರವನ್ನು ಪುನಃ ವಹಿಸಿಕೊಳ್ಳುವ ಹಕ್ಕು ಅವನಿಗಿದ್ದರೂ ಸಾಕು. ಅದು ಹಿಂದಕ್ಕೆ ಪಡೆಯಬಹುದಾದ ವರ್ಗಾವಣೆಯೇ ಆಗುವುದೆಂದು 63ನೆಯ ಕಲಮು ಹೇಳಿತು. ವರ್ಗಾವಣೆಯೆಂಬ ಶಬ್ದದಲ್ಲಿ ಟ್ರಸ್ಟೂ ಸೇರಿದೆ. ಈ ತತ್ತ್ವವು ಹೊಸದಲ್ಲ. 1939ರ ತಿದ್ದುಪಡಿಯ ಮೂಲಕ 1922ರ ಕಾಯಿದೆಯಲ್ಲಿಯೇ ಇದು ಸೇರಿತ್ತು. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಗೊತ್ತುಮಾಡಿದ 2025ರ ನೂತನ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಯಿತೇ ಹೊರತು ತತ್ತ್ವವು ಬದಲಾಗಲಿಲ್ಲ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಹೊನ್ನಾಳಿಯ ಗೃಹಸ್ಥನೊಬ್ಬನು ತನ್ನ ಮಳಿಗೆಗಳನ್ನು ಟ್ರಸ್ಟಿಗೆ ಸೇರಿಸಿ, ಮಗನನ್ನೂ ಸೊಸೆಯನ್ನೂ ಟ್ರಸ್ಟಿಗಳಾಗಿ ನೇಮಿಸಿ, ಬೇಕಾದಾಗ ಟ್ರಸ್ಟನ್ನು ರದ್ದುಮಾಡುವ ಹಕ್ಕನ್ನು ತನಗೆ ಇಟ್ಟುಕೊಂಡಿದ್ದಾನೆ. ಮನೆಗಂದಾಯ ಕಳೆದು ವರ್ಷಕ್ಕೆ 6,00,000 ರೂಪಾಯಿ ಬಾಡಿಗೆ ಉಳಿಯುತ್ತದೆ. ಅದನ್ನು ಅನುಭವಿಸುವವನು ಮಗ. ಆದರೂ 100ಕ್ಕೆ 30ರಂತೆ ದೊರೆಯುವ ವಿನಾಯಿತಿಯನ್ನು ಕಳೆದು, 4,20,000 ರೂಪಾಯಿಯನ್ನು ತಂದೆಯೇ ತನ್ನ ಸ್ವಂತ ರಿಟರ್ನಿನಲ್ಲಿ ಗೃಹಾದಾಯವೆಂದು ತೋರಿಸಬೇಕು. ಬಾಡಿಗೆಯು ಬಾಡಿಗೆಯಾಗಿಯೂ ಬಡ್ಡಿಯು ಬಡ್ಡಿಯಾಗಿಯೂ ಲೆಕ್ಕಕ್ಕೆ ಬರುವುವು. ಬ್ಯಾಂಕಿನವರು ಟ್ರಸ್ಟಿನ ಹೆಸರಿನಲ್ಲಿ ತೆರಿಗೆಯನ್ನು ಮುರಿದುಕೊಂಡಿದ್ದರೆ, ಆ ಆದಾಯವು ಯಾರ ಲೆಕ್ಕಕ್ಕೆ ಸೇರುವುದೆಂಬುದನ್ನು ಟ್ರಸ್ಟಿನವರು ಮೊದಲೇ ಬರೆದು ತಿಳಿಸಬೇಕು. ಇಲ್ಲವಾದರೆ ಮುರಿದ ಹಣವು ತಂದೆಯ ಖಾತೆಗೆ ಜಮೆಯಾಗುವುದರಲ್ಲಿ ತೊಡಕುಂಟಾಗುವುದು. ಅಡಕೆಯ ತೋಟದ ಮಾತು ಬೇರೆ. ಬೆಳೆದವನೇ ಸುಲಿದು, ಬೇಯಿಸಿ, ಒಣಗಿಸಿ ಮಾರಿದ ಅಡಕೆಯ ಆದಾಯವು ಕೃಷಿಯ ಆದಾಯ. ಅದರ ಮೇಲೆ ಕೇಂದ್ರದ ತೆರಿಗೆಯಿಲ್ಲ.

ಹಾಗಾದರೆ ಟ್ರಸ್ಟಿನಿಂದ ಹೊಣೆಯು ಎಂದೂ ಕೈಬದಲಾಗದೆ? ಆಗುವುದು, ಆದರೆ ಹಗ್ಗವನ್ನು ನಿಜವಾಗಿ ಬಿಡಬೇಕು. ಫಲಾನುಭವಿಯ ಜೀವಮಾನದಲ್ಲಿ ರದ್ದುಮಾಡಲಾಗದಂತೆ ಪತ್ರವಿದ್ದು, ಕೊಟ್ಟವನು ಅದರಿಂದ ಯಾವ ಲಾಭವನ್ನೂ ಹೊಂದದಿದ್ದರೆ, ತೆರಿಗೆಯು ಟ್ರಸ್ಟಿಯ ಮೂಲಕ ಫಲಾನುಭವಿಯ ಮೇಲೆ ಬೀಳುವುದು. ಅಲ್ಲಿಯೂ ಎಚ್ಚರ ಬೇಕು. ಯಾರಿಗೆ ಎಷ್ಟು ಪಾಲೆಂಬುದನ್ನು ನಿಶ್ಚಯಿಸದೆ ಟ್ರಸ್ಟಿಗಳ ಇಷ್ಟಕ್ಕೆ ಬಿಟ್ಟರೆ ಸಾಮಾನ್ಯವಾಗಿ ಅತ್ಯುಚ್ಚ ದರದಲ್ಲಿ ತೆರಿಗೆ ತೆರಬೇಕಾಗುವುದು. ಪ್ರತಿಫಲವಿಲ್ಲದೆ ಹೆಂಡತಿಯ ಪ್ರಯೋಜನಕ್ಕಾಗಿ ಕೊಟ್ಟುದರ ಆದಾಯವು ಪುನಃ ಗಂಡನ ಲೆಕ್ಕಕ್ಕೇ ಬರುವುದು. ಇನ್ನು ಸ್ಥಿರಾಸ್ತಿಯ ಟ್ರಸ್ಟು ಪತ್ರವು ನೋಂದಣಿಯಾಗಲೇಬೇಕೆಂಬುದು 1882ರ ಟ್ರಸ್ಟು ಕಾಯಿದೆಯಿಂದ ಬಂದ ನಿಯಮ.

ಅಮೆರಿಕೆಯಲ್ಲಿರುವ ಮಕ್ಕಳು ಅಲ್ಲಿನ ‘ಲಿವಿಂಗ್ ಟ್ರಸ್ಟ್’ ಪದ್ಧತಿಯನ್ನು ಊರಿನ ತಂದೆತಾಯಿಗಳಿಗೆ ಸೂಚಿಸುವುದುಂಟು. ಅಲ್ಲಿ ಅದನ್ನು ಮಾಡುವ ಮುಖ್ಯ ಕಾರಣವು ಮರಣಶಾಸನಕ್ಕೆ ಕೋರ್ಟಿನಿಂದ ಪ್ರೊಬೇಟ್ ಪಡೆಯುವ ವೆಚ್ಚವನ್ನೂ ವಿಳಂಬವನ್ನೂ ತಪ್ಪಿಸಿಕೊಳ್ಳುವುದು, ತೆರಿಗೆಯನ್ನು ತಪ್ಪಿಸಿಕೊಳ್ಳುವುದಲ್ಲ. ರದ್ದುಮಾಡುವ ಅಧಿಕಾರವಿರುವ ತನಕ ಟ್ರಸ್ಟಿನ ಆದಾಯವನ್ನು ಅಲ್ಲಿಯೂ ಮಾಡಿದವನೇ ತನ್ನ ರಿಟರ್ನಿನಲ್ಲಿ ತೋರಿಸಬೇಕು. ನಮ್ಮ ಸೀಮೆಯಲ್ಲಾದರೋ ಹಿಂದೂಗಳ ಮರಣಶಾಸನಕ್ಕೆ ಪ್ರೊಬೇಟ್ ಕಡ್ಡಾಯವಿಲ್ಲ. ಆದುದರಿಂದ ಸರಳವಾದ ಒಂದು ಮರಣಶಾಸನದಿಂದ ಆಗುವ ಕೆಲಸಕ್ಕೆ ಟ್ರಸ್ಟು ಬೇಕೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಈ ಕಾಯಿದೆ ಕಠಿಣವಾದುದೆಂದು ಕೆಲವರು ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ತಾಲ್ಲೂಕು ಕಚೇರಿಯ ನೌಕರನ ಸಂಬಳದಿಂದ ತೆರಿಗೆಯು ಅವನ ಕೈಗೆ ಹಣ ಬರುವ ಮುಂಚೆಯೇ ಕಡಿತವಾಗುತ್ತದೆ; ಅವನಿಗೆ ಟ್ರಸ್ಟು ಪತ್ರದ ಮರೆಯಿಲ್ಲ. ಆಸ್ತಿವಂತನು ಒಂದು ಛಾಪಾ ಕಾಗದದಿಂದ ತಪ್ಪಿಸಿಕೊಳ್ಳುವಂತಿದ್ದರೆ ಆ ಭಾರವು ಈ ನೌಕರನಂಥವರ ಮೇಲೆಯೇ ಬೀಳುವುದಷ್ಟೆ. ಆದರೆ ಅರಿಯದೆ ತಪ್ಪುವವರೂ ಇದ್ದಾರೆ. ಆದಾಯವನ್ನು ಕಡಮೆ ತೋರಿಸಿದವರಿಗೆ, ಆ ಆದಾಯದ ಮೇಲಣ ತೆರಿಗೆಯ 100ಕ್ಕೆ 50ರಷ್ಟು, ತಪ್ಪು ಲೆಕ್ಕ ಕೊಟ್ಟವರಿಗೆ 100ಕ್ಕೆ 200ರಷ್ಟು ದಂಡವನ್ನು 1961ರ ಕಾಯಿದೆ ವಿಧಿಸಿತ್ತು. ಇಷ್ಟು ಭಾರಿಯಾದ ದಂಡವಿರುವಲ್ಲಿ, ನಿಯಮವನ್ನು ಜನರಿಗೆ ಅವರ ಕನ್ನಡದಲ್ಲಿ ತಿಳಿಯಹೇಳುವುದು ಅಧಿಕಾರಿಗಳ ಕರ್ತವ್ಯವಾಗಿದೆ. ಪತ್ರ ಬರೆಯುವ ವಕೀಲರೂ ದಸ್ತಾವೇಜು ಬರಹಗಾರರೂ ರದ್ದತಿಯ ಮಾತನ್ನು ಸೇರಿಸುವ ಮುನ್ನ ಅದರ ಫಲವನ್ನು ಕಕ್ಷಿದಾರನಿಗೆ ವಿವರಿಸಬೇಕು. ಆಸ್ತಿಯನ್ನು ಕೊಡುವುದಾದರೆ ಕೊಡಲಿ, ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಲಿ. ಎರಡರಲ್ಲಿ ಯಾವುದನ್ನು ಮಾಡಿದರೂ ರಿಟರ್ನಿನಲ್ಲಿ ಉಳ್ಳುದನ್ನು ಉಳ್ಳಂತೆ ಬರೆಯಲಿ. ವೃದ್ಧಾಪ್ಯದಲ್ಲಿ ನೆಮ್ಮದಿಗೆ ಇದಕ್ಕಿಂತ ಭದ್ರವಾದ ದಾರಿಯಿಲ್ಲ.