ಕಾರವಾರದಿಂದ ಬಂದವರು ಯಾರು?

‘ಕಾರವಾರದಿಂದ ಬಂದ ಮಾಸ್ತರರ ಮಗ ಸಿಕ್ಕಿದ್ದ’ ಎಂದು ಅಂಕೋಲೆಯ ಬಸ್ ನಿಲ್ದಾಣದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿದರೆನ್ನಿ. ಕಾರವಾರದಿಂದ ಬಂದವರು ಯಾರು? ಮಾಸ್ತರರೋ, ಅವರ ಮಗನೋ? ಕೇಳಿದವರಿಗೆ ಈ ಸಂದೇಹವೇ ಬರುವುದಿಲ್ಲ. ಅವರಿಗೆ ಮಾಸ್ತರರೂ ಗೊತ್ತು, ಮಗನೂ ಗೊತ್ತು. ಅದೇ ವಾಕ್ಯವನ್ನು ಕಂಪ್ಯೂಟರಿನ ಮುಂದಿಟ್ಟರೆ ಅದಕ್ಕೆ ಎರಡು ದಾರಿಗಳು ಕಾಣುತ್ತವೆ. ಯಾವ ದಾರಿ ಹಿಡಿಯಬೇಕೆಂದು ಅದಕ್ಕೆ ಕಲಿಸುವ ವಿದ್ಯೆಯೊಂದಿದೆ. ಆ ವಿದ್ಯೆಯ ಅರ್ಧ ಪಾಠ, ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮರೆತುಬಿಟ್ಟ ವ್ಯಾಕರಣ!

ಈ ಕೆಲಸದಲ್ಲಿ ಮುಖ್ಯವಾಗಿ ಎರಡು ಹಂತಗಳು. ಮೊದಲನೆಯದು, ಪ್ರತಿಯೊಂದು ಪದಕ್ಕೂ ಅದರ ವರ್ಗದ ಚೀಟಿ ಅಂಟಿಸುವುದು. ನಾಮಪದ, ಸರ್ವನಾಮ, ಕ್ರಿಯಾಪದ, ಅವ್ಯಯ ಇತ್ಯಾದಿ. ಸುಲಭವೆಂದು ಕಾಣುವ ಈ ಕೆಲಸದಲ್ಲೂ ತೊಡಕುಗಳಿವೆ. ಕರಾವಳಿಯವರಿಗೆ ‘ತೆರೆ’ ಎಂದರೆ ಕಡಲಿನ ಅಲೆ. ‘ಬಾಗಿಲು ತೆರೆ’ ಎಂದಾಗ ಅದೇ ಪದ ಕ್ರಿಯಾಪದ. ‘ಹತ್ತು’ ಸಂಖ್ಯೆಯೂ ಹೌದು, ಮರ ಹತ್ತುವ ಕ್ರಿಯೆಯೂ ಹೌದು. ಅಕ್ಕಪಕ್ಕದ ಪದಗಳನ್ನು ನೋಡದೆ ಚೀಟಿ ಅಂಟಿಸಿದರೆ ತಪ್ಪುವುದು ಖಂಡಿತ.

ಆದರೆ ಕನ್ನಡದಲ್ಲಿ ಒಂದು ಅನುಕೂಲವೂ ಇದೆ. ‘ಬಾಂಗಡೆ’ ಎಂಬ ಮೀನಿನ ಹೆಸರನ್ನು ಯಂತ್ರ ಎಂದೂ ಕಂಡಿರದಿರಬಹುದು. ‘ಬಾಂಗಡೆಯನ್ನು’ ಎಂದು ಬಂದರೆ ಬಾಲದಲ್ಲಿರುವ ‘ಅನ್ನು’ ಪ್ರತ್ಯಯವೇ ಇದು ನಾಮಪದವೆಂದು ಸಾರಿಬಿಡುತ್ತದೆ.

ಎರಡನೆಯ ಹಂತ, ಯಾವ ಪದ ಯಾವ ಪದವನ್ನು ಆಶ್ರಯಿಸಿದೆ ಎಂದು ಗುರುತಿಸುವುದು. ‘ಅಜ್ಜಿ ಪೇಟೆಯಲ್ಲಿ ಇಶಾಡ ಮಾರಿದಳು’ ಎಂಬ ವಾಕ್ಯ ನೋಡಿ. ಇಲ್ಲಿ ‘ಮಾರಿದಳು’ ಎಂಬುದೇ ಬೇರು. ಮಾರಿದವರು ಯಾರು? ಅಜ್ಜಿ. ಏನನ್ನು? ಅಂಕೋಲೆಯ ಹೆಸರಾಂತ ಇಶಾಡ ಮಾವನ್ನು. ಎಲ್ಲಿ? ಪೇಟೆಯಲ್ಲಿ. ‘ಇಶಾಡ ಮಾರಿದಳು ಅಜ್ಜಿ ಪೇಟೆಯಲ್ಲಿ’ ಎಂದು ಹಿಂದುಮುಂದು ಮಾಡಿದರೂ ಈ ಎಳೆಗಳು ಬದಲಾಗುವುದಿಲ್ಲ. ಪದಗಳ ಸ್ಥಾನಕ್ಕಿಂತ ಸಂಬಂಧವೇ ಮುಖ್ಯವಾಗಿರುವ ಕನ್ನಡದಂಥ ಭಾಷೆಗಳಿಗೆ ಈ ಪದ್ಧತಿ ಚೆನ್ನಾಗಿ ಒಗ್ಗುವುದು ಅದಕ್ಕೇ.

ಪಶ್ಚಿಮದಲ್ಲಿ ಈ ಪದ್ಧತಿಗೆ ಬುನಾದಿ ಹಾಕಿದವನು ಫ್ರಾನ್ಸಿನ ಲೂಸಿಯಾಂ ತೆನ್ಯೇರ್. ಅವನ ಪ್ರಮುಖ ಗ್ರಂಥ ಅವನು ತೀರಿಕೊಂಡ ಬಳಿಕ, 1959ರಲ್ಲಿ ಹೊರಬಂತು. ಆದರೆ ಕ್ರಿಯೆಯನ್ನು ನಡುವೆ ಇಟ್ಟು ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ ಎಂಬ ಆರು ಕಾರಕಗಳನ್ನು ಪಾಣಿನಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಹೇಳಿದ್ದ. ಅದನ್ನೇ ಆಧಾರವಾಗಿಟ್ಟುಕೊಂಡು ಕಾನ್ಪುರದ ಐಐಟಿಯ ವಿನೀತ್ ಚೈತನ್ಯ, ರಾಜೀವ ಸಂಗಲ್ ಮತ್ತು ಸಂಗಡಿಗರು ಕಂಪ್ಯೂಟರಿಗಾಗಿ ವ್ಯಾಕರಣ ರೂಪಿಸಿ, 1995ರಲ್ಲಿ ಪುಸ್ತಕವನ್ನೇ ಬರೆದರು. ಅವರ ‘ಅನುಸಾರಕ’ ಯೋಜನೆಯಲ್ಲಿ ಕನ್ನಡದಿಂದ ಹಿಂದಿಗೆ ತರುವ ಪ್ರಯತ್ನವೂ ಸೇರಿತ್ತು.

ಈ ಶಾಸ್ತ್ರಕ್ಕೆ ಉತ್ತರ ಕನ್ನಡ ಜಿಲ್ಲೆ ಹೊಸದಲ್ಲ. ಇಂದಿನ ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕದೇವ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ. ಕನ್ನಡದ ನಿಯಮಗಳನ್ನು 592 ಸಂಸ್ಕೃತ ಸೂತ್ರಗಳಲ್ಲಿ ಹಿಡಿದಿಟ್ಟ ಗ್ರಂಥವದು.

ಪ್ರತ್ಯಯ ಗೊತ್ತಾದರೆ ಕಾರಕ ಗೊತ್ತಾದಂತೆಯೇ? ಅಲ್ಲ. ‘ಬಲೆಯಿಂದ ಮೀನು ಹಿಡಿದರು’ ಎಂಬಲ್ಲಿ ಬಲೆ ಸಾಧನ, ಅದು ಕರಣ. ‘ಬಲೆಯಿಂದ ಮೀನು ಬಿಡಿಸಿದರು’ ಎಂದರೆ ಮೀನು ಬಲೆಯನ್ನು ಬಿಟ್ಟು ಬಂತು, ಅದು ಅಪಾದಾನ. ಪ್ರತ್ಯಯ ಒಂದೇ, ಸಂಬಂಧ ಎರಡು. ತೀರ್ಮಾನ ಕೊಡುವುದು ಕ್ರಿಯಾಪದ. ನಮ್ಮ ಮಾಸ್ತರರ ಪ್ರಸಂಗದಲ್ಲಂತೂ ‘ಬಂದ’ ಎಂಬ ಪದಕ್ಕೆ ಲಿಂಗ, ವಚನಗಳ ಗುರುತೂ ಇಲ್ಲ. ಅದನ್ನು ‘ಮಾಸ್ತರರ’ ಎಂಬುದಕ್ಕೂ ಕಟ್ಟಬಹುದು, ‘ಮಗ’ನಿಗೂ ಕಟ್ಟಬಹುದು.

ಹಾಗಾದರೆ ಯಂತ್ರ ಕಲಿಯುವುದು ಹೇಗೆ? ಭಾಷೆ ಬಲ್ಲವರು ಮೊದಲು ಸಾವಿರಾರು ವಾಕ್ಯಗಳಿಗೆ ಕೈಯಾರೆ ಚೀಟಿ ಅಂಟಿಸಿ, ಎಳೆ ಎಳೆದು ಕೊಡುತ್ತಾರೆ. ಯಾವ ಪದದ ಬಳಿಕ ಯಾವುದು ಹೆಚ್ಚಾಗಿ ಬರುತ್ತದೆ, ಯಾವುದು ಯಾವುದಕ್ಕೆ ಹೆಚ್ಚಾಗಿ ಕೂಡುತ್ತದೆ ಎಂಬ ಲೆಕ್ಕವನ್ನು ಯಂತ್ರ ಅದರಿಂದ ಹಾಕಿಕೊಳ್ಳುತ್ತದೆ. ಭಾರತೀಯ ಭಾಷೆಗಳಿಗೆ ಸಮಾನವಾದ ಪದವರ್ಗಗಳ ಪಟ್ಟಿಯೊಂದು ಇದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಕನ್ನಡದ ಪಠ್ಯಗಳನ್ನು ಸಂಗ್ರಹಿಸುತ್ತ ಬಂದಿದೆ. ಈಚಿನ ದೈತ್ಯ ಭಾಷಾ ಮಾದರಿಗಳು ಚೀಟಿಯ ಹಂಗಿಲ್ಲದೆ ರಾಶಿ ರಾಶಿ ಬರಹ ಓದಿಯೇ ಕಲಿಯುತ್ತವೆ, ನಿಜ. ಆದರೆ ರಾಶಿ ಬರಹವೇ ಇಲ್ಲದ ಮಾತಿನ ಗತಿಯೇನು?

ಅಂಕೋಲೆಗೆ ಈ ಪ್ರಶ್ನೆ ದೂರದ್ದಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಬಾಯಲ್ಲೇ ಕಾಪಾಡಿದವರು. 2017ರಲ್ಲಿ ಪದ್ಮಶ್ರೀ ಪಡೆದವರು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅವರ ಕನ್ನಡ ನಮ್ಮ ಪತ್ರಿಕೆಯ ಕನ್ನಡವಲ್ಲ. ಪತ್ರಿಕೆ, ಪಠ್ಯಪುಸ್ತಕಗಳನ್ನಷ್ಟೇ ಓದಿದ ಯಂತ್ರಕ್ಕೆ ಆ ಹಾಡಿನ ಪದ ಒಡೆಯುವುದು ಎಲ್ಲಿ, ಪ್ರತ್ಯಯ ಯಾವುದು ಎಂಬುದೇ ತಿಳಿಯದೆ ಹೋಗಬಹುದು. ಆಗ ಅದು ಹಾಡನ್ನು ತಪ್ಪಾಗಿ ಓದುತ್ತದೆ. ಇಲ್ಲವೇ ಅಚ್ಚಿನ ಕನ್ನಡಕ್ಕೆ ‘ತಿದ್ದಿ’ಬಿಡುತ್ತದೆ.

ಇದಕ್ಕೆ ಮದ್ದು ದೊಡ್ಡ ಯಂತ್ರವೊಂದೇ ಅಲ್ಲ. ‘ಈ ಪದ ಇಲ್ಲಿ ಕ್ರಿಯೆ, ಇದು ಅದಕ್ಕೆ ಸೇರಿದ್ದು’ ಎಂದು ಪಕ್ಕದಲ್ಲಿ ಕೂತು ಹೇಳಬಲ್ಲವರು ಬೇಕು. ಅಂಥವರು ಹಾಲಕ್ಕಿ ಕೊಪ್ಪಗಳಲ್ಲಿ ಇನ್ನೂ ಇದ್ದಾರೆ. ಮಾಸ್ತರರನ್ನೂ ಮಗನನ್ನೂ ಬಲ್ಲವರು ಇರುವಾಗಲೇ, ಕಾರವಾರದಿಂದ ಬಂದವರು ಯಾರೆಂದು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.